ಟೆಕ್ಸಾಸ್‌ನ ಟ್ರಕ್ಕಿಗೆ ಅಮ್ಮನ ಫುಟ್‌ಬೋರ್ಡು

ಆಸ್ಟಿನ್ ವಿಮಾನ ನಿಲ್ದಾಣದ ಪಾರ್ಕಿಂಗ್‌ನಲ್ಲಿ ನನ್ನ ಪಿಕಪ್ ಟ್ರಕ್ ನೋಡಿದ ಕೂಡಲೇ ಅಮ್ಮ ಕೇಳಿದ್ದು, "ಇದು ಲಾರಿ ಅಲ್ವೇನೋ?" ಅಂತ.

2024ರ ಜನವರಿ. ಅಪ್ಪ, ಅಮ್ಮ ಇಬ್ಬರೂ ಮೊದಲ ಸಲ ಅಮೆರಿಕಕ್ಕೆ ಬಂದಿದ್ದರು. ಹಾಸನದಿಂದ ಬೆಂಗಳೂರು, ಅಲ್ಲಿಂದ ಎರಡು ವಿಮಾನ ಬದಲಿಸಿ, ಒಂದೂವರೆ ದಿನದ ಪ್ರಯಾಣ ಮುಗಿಸಿ ಇಳಿದಿದ್ದರು. ಸೀರೆ ಮೇಲೆ ಸ್ವೆಟರ್, ಕಾಲಿಗೆ ತಂಗಿ ಕೊಡಿಸಿದ ಹೊಸ ಬಿಳಿ ಶೂ, ಕೈಯಲ್ಲಿ ಚಕ್ಕುಲಿ ಡಬ್ಬ ಇದ್ದ ಬ್ಯಾಗು. ಅಮ್ಮ ಬಾಗಿಲ ಹತ್ತಿರ ಬಂದು ಬಲಗಾಲು ಎತ್ತಿದಳು. ಇಳಿಸಿದಳು. ಎಡಗಾಲು ಎತ್ತಿದಳು. ಅದನ್ನೂ ಇಳಿಸಿದಳು. ಕೊನೆಗೆ ಅಪ್ಪ ಆ ಕಡೆಯಿಂದ ಒಳಗೆ ಹತ್ತಿ ಕೈ ಹಿಡಿದು ಎಳೆದರು, ನಾನು ಹಿಂದಿನಿಂದ ಎತ್ತಿ ತಳ್ಳಿದೆ. ಪಕ್ಕದ ಕಾರಿನವರು ನೋಡ್ತಾ ನಿಂತಿದ್ದರು. ಮನೆ ಸೇರುವವರೆಗೆ ಅಮ್ಮ ಮಾತಾಡಲಿಲ್ಲ. ಪ್ರಯಾಣದ ಸುಸ್ತು ಇರಬೇಕು ಅಂದುಕೊಂಡೆ.

ಆಮೇಲೆ ಶುರುವಾಯಿತು ನೋಡಿ, "ನೀವು ಹೋಗಿ ಬನ್ನಿ, ನಾನು ಮನೇಲಿರ್ತೀನಿ." ಅಂಗಡಿಗೆ ಹೊರಟರೆ ತಲೆನೋವು. ಕೆರೆ ನೋಡೋಕೆ ಹೊರಟರೆ ಚಳಿ. ದೇವಸ್ಥಾನಕ್ಕೆ ಮಾತ್ರ ಬಂದಳು, ಅದೂ ನನ್ನ ಹೆಂಡತಿಯ ಪುಟ್ಟ ಕಾರಿನಲ್ಲಿ. ಅದರ ಸೀಟು ತೀರಾ ತಗ್ಗು. ಕೂರುವುದು ಸಲೀಸು, ಏಳುವಾಗ ಮಂಡಿ ಹಿಡಿದುಕೊಂಡು "ರಾಮಾ" ಅನ್ನಬೇಕು. ಒಂದು ಗಾಡಿ ಹತ್ತೋಕಾಗಲ್ಲ, ಇನ್ನೊಂದರಿಂದ ಇಳಿಯೋಕಾಗಲ್ಲ.

ಎರಡು ವಾರ ಆದ ಮೇಲೆ ಒಂದು ರಾತ್ರಿ ಪಾತ್ರೆ ತೊಳೆಯುತ್ತಾ ಹೆಂಡತಿ ಹೇಳಿದಳು: "ಅತ್ತೆಗೆ ಮಂಡಿ ನೋವು ಇರೋದು ನಿಜ. ಆದರೆ ಅದಕ್ಕಲ್ಲ ಅವರು ಬರದೇ ಇರೋದು. ಅವತ್ತು ಏರ್‌ಪೋರ್ಟಲ್ಲಿ ನೀನು ಅಕ್ಕಿ ಮೂಟೆ ಎತ್ತೋ ಹಾಗೆ ಎತ್ತಿದೆಯಲ್ಲ, ಅಷ್ಟು ಜನರ ಎದುರಿಗೆ."

ನನಗೆ ಹೊಳೆದೇ ಇರಲಿಲ್ಲ.

ಇಲ್ಲಿ ಟ್ರಕ್ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಸಾಫ್ಟ್‌ವೇರ್ ಇಂಜಿನಿಯರ್. ದಿನಕ್ಕೆ ಎಂಟು ಗಂಟೆ ಕುರ್ಚಿಯಲ್ಲಿ ಕೂತು ಕೋಡ್ ಬರೆಯುವವನಿಗೆ ಹುಲ್ಲು ಹೊರೆ ಸಾಗಿಸುವ ಗಾಡಿ ಯಾಕೆ ಅಂತ ಹಾಸನದ ಗೆಳೆಯರು ಈಗಲೂ ಕೇಳ್ತಾರೆ. ಟೆಕ್ಸಾಸ್‌ಗೆ ಬಂದು ನಾಲ್ಕು ವರ್ಷ ಇದ್ದು ನೋಡಿ, ಗೊತ್ತಾಗುತ್ತೆ. ಫೋರ್ಡ್ ಕಂಪನಿಯ ಎಫ್ ಸರಣಿ 1977ರಿಂದ ಈಚೆಗೆ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ ಅನ್ನೋ ಹೆಸರು ಉಳಿಸಿಕೊಂಡು ಬಂದಿದೆ. ಅದರಲ್ಲಿ ಎಷ್ಟೋ ಪಾಲು ನಮ್ಮ ಬೀದಿಯಲ್ಲೇ ನಿಂತಿದೆ ಅನ್ನಿಸುತ್ತೆ. ಡೆಂಟಿಸ್ಟ್ ಬಳಿ ಟ್ರಕ್ ಇದೆ, ಸ್ಕೂಲ್ ಟೀಚರ್ ಬಳಿ ಇದೆ. ನಾನೂ 2021ರ ಎಫ್-150 ತೆಗೆದುಕೊಂಡೆ, ನಾಲ್ಕು ಬಾಗಿಲಿನದು, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವಂಥದ್ದು. ಸೆಕೆಂಡ್ ಹ್ಯಾಂಡ್. ಮೆಟ್ಟಿಲು ಹಲಗೆ ಇರುವ ಗಾಡಿಯೂ ಅದೇ ಅಂಗಳದಲ್ಲಿತ್ತು, ಇಲ್ಲದ್ದು ನೋಡೋಕೆ ಗತ್ತಾಗಿತ್ತು. ಇಲ್ಲದ್ದನ್ನೇ ಆರಿಸಿದ್ದೆ. ನನ್ನ ಎತ್ತರ 5 ಅಡಿ 10 ಇಂಚು. ನನ್ನೊಬ್ಬನ ಕಾಲು ಅಳತೆಯಲ್ಲಿ ಕೊಂಡ ಗಾಡಿ ಅದು.

ಮೊದಲಿಗೆ ಸುಲಭದ ದಾರಿ ಹಿಡಿದೆ. ಒಂದು ಪ್ಲಾಸ್ಟಿಕ್ ಸ್ಟೂಲ್ ತಂದೆ. ಅಮ್ಮ ಅದರ ಮೇಲೆ ಕಾಲಿಟ್ಟು ಹತ್ತಿದಳು, ನಾನು ಸ್ಟೂಲ್ ಎತ್ತಿ ಹಿಂದೆ ಹಾಕಿದೆ. ಇಳಿಯುವಾಗ ಮತ್ತೆ ಓಡಿ ಹೋಗಿ ಸ್ಟೂಲ್ ಇಡಬೇಕು. ಅಂದರೆ ನಾನು ಬರುವವರೆಗೆ ಅವಳು ಒಳಗೇ ಕೂತಿರಬೇಕು. ಮೂರನೇ ದಿನ ಪೆಟ್ರೋಲ್ ಬಂಕ್‌ನಲ್ಲಿ ಸ್ಟೂಲ್ ಅಲ್ಲೇ ಮರೆತು ಬಂದೆ. ಅಮ್ಮ ಮನೆ ಮುಂದೆ ಕಾಲು ಇಳಿಬಿಟ್ಟುಕೊಂಡು ಹತ್ತು ನಿಮಿಷ ಕೂತಿದ್ದಳು, ಅಪ್ಪ ಒಳಗಿನಿಂದ ಊಟದ ಮೇಜಿನ ಕುರ್ಚಿ ಹುಡುಕಿ ತರುವವರೆಗೆ.

ಮಾರ್ಚ್ ಮೊದಲ ವಾರಕ್ಕೆ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದು ಅಂತ ಮೊದಲೇ ಗೊತ್ತು ಮಾಡಿದ್ದೆವು, ರೂಮೂ ಬುಕ್ ಆಗಿತ್ತು. ಆಸ್ಟಿನ್‌ನಿಂದ ಸುಮಾರು 700 ಕಿಲೋಮೀಟರ್, ಮೆಕ್ಸಿಕೋ ಗಡಿಯಲ್ಲೇ ಇದೆ. ನಾಲ್ಕು ಜನ, ಲಗೇಜು, ಮಣ್ಣು ರಸ್ತೆ. ಪುಟ್ಟ ಕಾರಿನಲ್ಲಿ ಆಗುವ ಮಾತಲ್ಲ. "ನಾನು ಇಲ್ಲೇ ಇರ್ತೀನಿ, ನೀವು ಮೂರು ಜನ ಹೋಗಿ ಬನ್ನಿ, ಅನ್ನ ಸಾರು ಮಾಡ್ಕೋತೀನಿ" ಅಂತ ಅಮ್ಮ ಆಗಲೇ ಹೇಳಿಯಾಗಿತ್ತು.

ಅಪ್ಪ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ನಾನು ಫೋನಿನಲ್ಲಿ ಫುಟ್‌ಬೋರ್ಡ್‌ಗಳ ವಿಡಿಯೋ ನೋಡುತ್ತಾ ಕೂತಿದ್ದರೆ ಪಕ್ಕದಲ್ಲಿ ಬಂದು, "ಮೊದಲು ಅಳತೆ ಮಾಡು. ಅಳತೆ ಇಲ್ಲದೆ ಏನು ನೋಡ್ತೀಯ?" ಅಂದರು. ಟೇಪು ಹಿಡಿದು ಗ್ಯಾರೇಜಿಗೆ ಹೋದೆವು. ನೆಲದಿಂದ ಟ್ರಕ್ಕಿನ ಬಾಗಿಲ ತಳದವರೆಗೆ 24 ಇಂಚು. ಮನೆ ಮೆಟ್ಟಿಲು ಒಂದೊಂದೂ 7 ಇಂಚು. ಅಂದರೆ ಮೂರೂವರೆ ಮೆಟ್ಟಿಲನ್ನು ಅಮ್ಮ ಒಂದೇ ಸಲಕ್ಕೆ ಹತ್ತಬೇಕಿತ್ತು. ಕೆಂಪು ಬಸ್ಸಿನ ಮೊದಲ ಮೆಟ್ಟಿಲಿಗೇ ಬೈಯುವವಳು ಅವಳು.

ಆಮೇಲೆ ಅಪ್ಪ ಮಾಡಿದ ಪ್ರಯೋಗ ನನಗೆ ಇಷ್ಟವಾಯಿತು. ಹಿತ್ತಲಲ್ಲಿ ಬಿದ್ದಿದ್ದ ಇಟ್ಟಿಗೆ, ಹಲಗೆ ಜೋಡಿಸಿ ಅಮ್ಮನನ್ನು ಕರೆದರು. 9 ಇಂಚು ಸಲೀಸು. 12 ಇಂಚು, ಏನಾದರೂ ಹಿಡಿದುಕೊಂಡರೆ ಪರವಾಗಿಲ್ಲ. 15 ಇಂಚಿಗೆ ಮುಖ ಸಣ್ಣದಾಯಿತು. 18 ಇಂಚಿಗೆ "ನನಗೇನು ಹುಚ್ಚಾ" ಅಂತ ಒಳಗೆ ಹೋದಳು. ಅಪ್ಪ ಡೈರಿಯಲ್ಲಿ ಬರೆದರು: 12.

ಈ 12 ಅನ್ನೋ ಅಂಕಿ ಕೈಗೆ ಬಂದ ಮೇಲೆ ಆಯ್ಕೆ ಬೇಗ ಮುಗಿಯಿತು. ಅದಕ್ಕೆ ಮೊದಲು ನಾನು ನೋಡಿದ ಹತ್ತಾರು ವಿಡಿಯೋಗಳಲ್ಲಿ ಒಬ್ಬರೂ ಹತ್ತುವವರ ಕಾಲಿನ ಬಗ್ಗೆ ಮಾತಾಡಿರಲಿಲ್ಲ. ಬಣ್ಣ, ಗತ್ತು, ಕಲ್ಲಿಗೆ ತಾಗುತ್ತಾ ಇಲ್ಲವಾ, ಇಷ್ಟೇ.

ಗಾಡಿಯ ಪಕ್ಕದಲ್ಲಿ ಉದ್ದಕ್ಕೂ ಇರುವ ಈ ಹಲಗೆಗೆ ಇಲ್ಲಿ ರನ್ನಿಂಗ್ ಬೋರ್ಡ್ ಅಂತಾರೆ. ಹೊಸದೇನಲ್ಲ, ಹಳೇ ಸಿನಿಮಾಗಳಲ್ಲಿ ಬರುವ ಫೋರ್ಡ್ ಮಾಡೆಲ್ ಟಿ ಕಾರಿಗೂ ಇತ್ತು. ಈಗ ಟ್ರಕ್ಕುಗಳಿಗೆ ಸಿಗುವುದರಲ್ಲಿ ಅಗ್ಗದ್ದು ಅಂದರೆ ಕೊಳವೆಯಂಥದ್ದು. ದುಂಡನೆ ಕಬ್ಬಿಣದ ಪೈಪು, ಕಾಲಿಡುವ ಕಡೆ ಮಾತ್ರ ಒಂದು ಪ್ಲಾಸ್ಟಿಕ್ ತುಂಡು. ಮಳೆಯಲ್ಲಿ ಜಾರುತ್ತೆ, ಸೀರೆ ನೆರಿಗೆ ಒಂದು ಕೈಯಲ್ಲಿ ಹಿಡಿದವರಿಗೆ ಅದಲ್ಲ. ಇನ್ನೊಂದು ಚಪ್ಪಟೆ ಹಲಗೆ, ಅಗಲ ಚೆನ್ನಾಗಿದೆ. ಆದರೆ ಇವೆರಡೂ ಕದಲದೆ ಒಂದೇ ಕಡೆ ಇರುವಂಥವು, ಗಾಡಿಯ ತಳಕ್ಕೆ ಅಂಟಿಕೊಂಡೇ ಇರಬೇಕು. ತೀರಾ ಕೆಳಗಿದ್ದರೆ ಮಣ್ಣು ದಾರಿಯಲ್ಲಿ ಕಲ್ಲಿಗೆ ಬಡಿಯುತ್ತೆ. ನನ್ನ ಟ್ರಕ್ಕಿಗೆ ಅದು ನೆಲದಿಂದ 18 ಇಂಚಿನ ಮೇಲೇ ಬರ್ತಿತ್ತು. ಅಮ್ಮ "ಹುಚ್ಚಾ" ಅಂದ ಎತ್ತರ. ಸಾಲದ್ದಕ್ಕೆ ಇಳಿಯುವಾಗ ಸೀರೆಯ ಅಂಚು ಆ ಕೆಸರು ಹಲಗೆಯನ್ನು ಒರೆಸಿಕೊಂಡೇ ಬರಬೇಕು.

ಮೂರನೆಯದು ಮೋಟರಿನದು. ಬಾಗಿಲು ತೆಗೆದರೆ ಹಲಗೆ ಹೊರಗೆ ಚಾಚಿ ಕೆಳಗಿಳಿಯುತ್ತೆ, ಮುಚ್ಚಿದರೆ ಒಂದೆರಡು ಸೆಕೆಂಡ್ ಕಾದು ಮಡಚಿಕೊಂಡು ಗಾಡಿಯ ಹೊಟ್ಟೆ ಕೆಳಗೆ ಸೇರಿಕೊಳ್ಳುತ್ತೆ. ಗಾಡಿ ನಿಂತಾಗ ಮಾತ್ರ ಕೆಳಗಿರುತ್ತೆ, ಹಾಗಾಗಿ ಅಷ್ಟು ಕೆಳಗಿದ್ದರೂ ತೊಂದರೆಯಿಲ್ಲ. ನಮ್ಮ ಲೆಕ್ಕಕ್ಕೆ ಅದು ಬಂದು ನಿಲ್ಲುವುದು ಹೆಚ್ಚುಕಡಿಮೆ 12 ಇಂಚಿಗೆ. ಅಪ್ಪ ಡೈರಿ ತೆಗೆದು ತೋರಿಸಿದರು.

ಬೆಲೆ? ಕದಲದ ಹಲಗೆ 300 ಡಾಲರಿಗೂ ಸಿಗುತ್ತೆ. ಇದಕ್ಕೆ ನಾನು ಕೊಟ್ಟಿದ್ದು 1,600. ರೂಪಾಯಿ ಲೆಕ್ಕದಲ್ಲಿ 1 ಲಕ್ಷ 30 ಸಾವಿರ ದಾಟುತ್ತೆ. ಅಮ್ಮನಿಗೆ "ಇಪ್ಪತ್ತು ಸಾವಿರ" ಅಂದಿದ್ದೇವೆ. ಈ ಅಂಕಣವನ್ನು ಅವಳು ತಪ್ಪದೆ ಓದ್ತಾಳೆ ಅನ್ನೋದು ಗೊತ್ತಿದ್ದೇ ಬರೆದಿದ್ದೇನೆ. ಅಮ್ಮ, ಸಾರಿ.

ಬಂದ ಪೆಟ್ಟಿಗೆ ತಪ್ಪು ಪೆಟ್ಟಿಗೆ. ಆರ್ಡರ್ ಮಾಡುವಾಗ ವರ್ಷ, ಮಾಡೆಲ್ ಎಲ್ಲಾ ಸರಿಯಾಗೇ ಕೊಟ್ಟಿದ್ದೆ, ಅಂಗಡಿಯವರು ನನ್ನ ಗಾಡಿಗಿಂತ ಹಿಂದಿನ ಮಾಡೆಲ್‌ನದ್ದು ಕಳಿಸಿದ್ದರು. ಹೊರಗಿನಿಂದ ನೋಡೋಕೆ ಎರಡೂ ಒಂದೇ. ಆದರೆ ಬಾಗಿಲು ತೆರೆದಿದೆಯೋ ಇಲ್ಲವೋ ಅನ್ನೋದನ್ನು ಈ ಸಾಧನ ಗಾಡಿಯ ಕಂಪ್ಯೂಟರಿನಿಂದಲೇ ತಿಳಿದುಕೊಳ್ಳಬೇಕು. ಸ್ಟಿಯರಿಂಗ್ ಕೆಳಗೆ ಮೆಕ್ಯಾನಿಕ್‌ಗಳು ಸ್ಕ್ಯಾನರ್ ಚುಚ್ಚುವ ಒಂದು ಪೋರ್ಟ್ ಇರುತ್ತಲ್ಲ, ಅಲ್ಲಿಂದ. ವರ್ಷ ಬದಲಾದರೆ ಒಳಗಿನ ಸಂದೇಶಗಳ ಭಾಷೆಯೂ ಬದಲಾಗಿರಬಹುದು, ಆಗ ಇವರಿಬ್ಬರಿಗೂ ಮಾತುಕತೆ ಆಗಲ್ಲ. ನೀವು ಕೊಳ್ಳುವುದಾದರೆ ಪೆಟ್ಟಿಗೆ ಒಡೆಯುವ ಮೊದಲು ಪಾರ್ಟ್ ನಂಬರ್ ನೋಡಿಕೊಳ್ಳಿ. ನಾನು ನೋಡಿದ್ದರಿಂದ ಬಚಾವಾದೆ. ವಾಪಸ್ ಕಳಿಸಿ ಸರಿಯಾದದ್ದು ಬರೋಕೆ ಹತ್ತು ದಿನ ಹಿಡಿಯಿತು. ಆ ಹತ್ತು ದಿನವೂ ಅಮ್ಮ ಕಿಟಕಿಯಿಂದ ಅಳಿಲು ನೋಡುತ್ತಾ ಕಳೆದಳು.

ಫೆಬ್ರವರಿ ಕೊನೆಯ ಶನಿವಾರ ಬೆಳಿಗ್ಗೆ ಕೆಲಸ ಶುರು. ಅಂಗಡಿಯಲ್ಲಿ ಹಾಕಿಸಿದರೆ 500 ಡಾಲರ್ ಕೂಲಿ ಕೇಳಿದ್ದರು, ಅದಕ್ಕೇ ನಾವೇ ಹಾಕೋದು ಅಂತ. ಪಕ್ಕದ ಮನೆಯ ಟೆಕ್ಸಾಸ್ ಅಜ್ಜ ಟಾರ್ಕ್ ರೆಂಚ್ ಕೊಟ್ಟು, ಕಾಫಿ ಹಿಡಿದು, ನೋಡುವುದಕ್ಕೆ ಕುರ್ಚಿ ಹಾಕಿಕೊಂಡು ಕೂತ. ನಾನು ರಟ್ಟು ಹಾಸಿಕೊಂಡು ಗಾಡಿ ಕೆಳಗೆ ಮಲಗಿದೆ. ಅಪ್ಪ ಕನ್ನಡಕ ಏರಿಸಿಕೊಂಡು ಸೂಚನಾ ಪುಸ್ತಕವನ್ನು ಗಟ್ಟಿಯಾಗಿ ಓದತೊಡಗಿದರು. ಥೇಟ್ ಎಂಟನೇ ಕ್ಲಾಸು. ಒಂದು ವಾಕ್ಯ ಓದಿ, ಅರ್ಥ ಹೇಳಿ, "ಆಯ್ತಾ?" ಅಂತ ಕೇಳಿ, ನಾನು "ಆಯ್ತು" ಅಂದ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ ಮುಂದಿನದು.

ಮೊದಲ ಪಾಠ, ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚು. ಅವಸರದಲ್ಲಿ ನಾನು ಬಿಟ್ಟೇಬಿಡ್ತಿದ್ದೆ. ಎರಡನೆಯದು ತೋಳುಗಳು. ಪ್ರತಿ ಬದಿಗೂ ಎರಡು ಲೋಹದ ತೋಳು. ಒಂದಕ್ಕೆ ಮೋಟರ್ ಇರುತ್ತೆ, ಇನ್ನೊಂದು ಸುಮ್ಮನೆ ಜೊತೆಗೆ ಬರುತ್ತೆ, ಜೋಡೆತ್ತಿನಲ್ಲಿ ಒಂದು ಸೋಮಾರಿ ಇದ್ದ ಹಾಗೆ. ಗಾಡಿಯ ಬದಿಯಲ್ಲಿ ಕೆಳಗೆ ಮೊದಲೇ ಇರುವ ತೂತುಗಳಿಗೆ ಇವನ್ನು ಬೋಲ್ಟ್ ಹಾಕಿ ಕೂರಿಸಬೇಕು, ಕೊರೆಯುವ ಕೆಲಸ ಇಲ್ಲ. ಇಲ್ಲೊಂದು ಎಚ್ಚರ. 2015ರಿಂದ ಎಫ್-150ಯ ಬಾಡಿ ಅಲ್ಯೂಮಿನಿಯಂದು. ಉಕ್ಕಿನ ಹಾಗೆ ಜಾಸ್ತಿ ಬಿಗಿದರೆ ಮರೆ ಕಿತ್ತುಹೋದೀತು, ಕಡಿಮೆ ಬಿಗಿದರೆ ಅಮ್ಮ ಕಾಲಿಟ್ಟಾಗ ಹಲಗೆ ಅಲುಗುತ್ತೆ. ಅದಕ್ಕೇ ಟಾರ್ಕ್ ರೆಂಚ್. ಪುಸ್ತಕದಲ್ಲಿ ಹೇಳಿದಷ್ಟು ಬಿಗಿಯಾದ ಕೂಡಲೇ "ಟಕ್" ಅಂತ ಸದ್ದು ಮಾಡುತ್ತೆ. ಆ "ಟಕ್" ಕೇಳಿದಾಗಲೆಲ್ಲ ಅಪ್ಪ ಪುಸ್ತಕದಿಂದ ತಲೆ ಎತ್ತಿ "ಗುಡ್" ಅಂತಿದ್ದರು.

ವೈರಿನ ಕೆಲಸ ಅರ್ಧ ದಿನ ತಿಂತು. ಕಂಟ್ರೋಲರ್ ಡಬ್ಬಿಯನ್ನು ಬಾನೆಟ್ ಒಳಗೆ ಕೂರಿಸಿ, ಬ್ಯಾಟರಿಯಿಂದ ಫ್ಯೂಸ್ ಮೂಲಕ ಅದಕ್ಕೆ ಕರೆಂಟು ಕೊಟ್ಟು, ಅಲ್ಲಿಂದ ಎರಡೂ ಬದಿಯ ಮೋಟರಿಗೆ ವೈರು ಎಳೆಯಬೇಕು. ಸೈಲೆನ್ಸರ್ ಪೈಪಿನ ಶಾಖಕ್ಕೆ ಸಿಗಬಾರದು, ತಿರುಗುವ ಭಾಗಕ್ಕೆ ತಾಗಬಾರದು, ಇಡೀ ದಾರಿ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟುತ್ತಾ ಹೋಗಬೇಕು. ಒಂದು ಕಡೆ ನಾನು ಸಡಿಲ ಬಿಟ್ಟಿದ್ದನ್ನು ಕುರ್ಚಿಯಲ್ಲಿ ಕೂತಿದ್ದ ಅಜ್ಜ ಬಗ್ಗಿ ನೋಡಿ ಬೆರಳು ತೋರಿಸಿದ. ಅವನ ಕಾಫಿಗೆ ನ್ಯಾಯ ಸಿಕ್ಕಿತು.

ಸಾಯಂಕಾಲ ನಾಲ್ಕಕ್ಕೆ ಬ್ಯಾಟರಿ ವೈರು ಮತ್ತೆ ಹಾಕಿ, ಬಾಗಿಲು ತೆಗೆದೆ. ಸುಂಯ್ ಅಂತ ಹಲಗೆ ಹೊರಗೆ ಬಂತು. ಬಂದದ್ದೇ ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತಿದ್ದ ಅಪ್ಪನ ಮೊಣಕಾಲ ಕೆಳಗಿನ ಮೂಳೆಗೆ ಬಡಿಯಿತು. ಅಡ್ಡ ಏನಾದರೂ ಸಿಕ್ಕರೆ ಮೋಟರ್ ತಾನೇ ನಿಂತುಕೊಳ್ಳುತ್ತೆ, ನಿಂತಿತು ಕೂಡ, ಆದರೆ ಮೊದಲು ಬಡಿದೇ ನಿಲ್ಲುವುದು. ಇಂಥ ಹಲಗೆ ಹಾಕಿಸಿಕೊಂಡವರ ಮನೆಯಲ್ಲಿ ಎಲ್ಲರೂ ಒಂದೊಂದು ಸಲ ಕಾಲಿಗೆ ಬಡಿಸಿಕೊಂಡೇ ಕಲಿಯುವುದು, ಬಾಗಿಲು ತೆಗೆಯುವಾಗ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು ಅಂತ.

ಅಮ್ಮ ದೂರದಿಂದಲೇ ನೋಡಿದಳು. "ಕಾಲಿಟ್ಟಾಗ ಒಳಗೆ ಎಳ್ಕೊಂಡ್ರೆ?"

"ಬಾಗಿಲು ತೆಗೆದಿರೋವರೆಗೆ ಅಲ್ಲಾಡಲ್ಲಮ್ಮ."

"ಯಾರಾದ್ರೂ ಮುಚ್ಚಿಬಿಟ್ರೆ?"

ಸರಿಯಾದ ಪ್ರಶ್ನೆ. ಅಪ್ಪ ಬಲಗಾಲನ್ನು ಹಲಗೆ ಮೇಲೆ ಊರಿ ನಿಂತು, ನನ್ನಿಂದ ಬಾಗಿಲು ಮುಚ್ಚಿಸಿದರು. ಮೋಟರ್ ಒಂದು ಸಲ ಗುರ್ ಅಂದು ಸುಮ್ಮನಾಯಿತು. ಒಂದು ಬದಿಗೆ 600 ಪೌಂಡ್, ಅಂದರೆ 270 ಕಿಲೋ ತಡೆಯುತ್ತೆ ಅಂತ ಪುಸ್ತಕದಲ್ಲಿ ಬರೆದದ್ದನ್ನೂ ಓದಿ ಹೇಳಿದರು. "ನಾನೇನು ಅಷ್ಟು ದಪ್ಪ ಇದ್ದೀನಾ" ಅಂತ ಗೊಣಗುತ್ತಾ ಅಮ್ಮ ಬಂದಳು. ಎಡಗೈಯಲ್ಲಿ ನೆರಿಗೆ, ಬಲಗೈ ಬಾಗಿಲ ಪಕ್ಕದ ಹಿಡಿಕೆಗೆ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಸೀಟು. ಯಾರೂ ಮುಟ್ಟಲಿಲ್ಲ. ಕೂತವಳು ಒಂದು ನಿಮಿಷ ಸುಮ್ಮನಿದ್ದು ಇಳಿದಳು. ಮತ್ತೆ ಹತ್ತಿದಳು. ಟೆಕ್ಸಾಸ್ ಅಜ್ಜ ಚಪ್ಪಾಳೆ ತಟ್ಟಿದ. ಅಮ್ಮ ಒಳಗೆ ಹೋಗಿ ಅವನಿಗೊಂದು ತಟ್ಟೆ ಚಕ್ಕುಲಿ ತಂದು ಕೊಟ್ಟಳು.

ಅದಾಗಿ ಐದನೇ ದಿನ ನಸುಕಿನಲ್ಲಿ ಹೊರಟೆವು. ಹೊರಡುವ ಮೊದಲು ಅಮ್ಮ ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು, ಫುಟ್‌ಬೋರ್ಡಿಗೂ ಕುಂಕುಮ. 290ನೇ ಹೆದ್ದಾರಿಯಲ್ಲಿ ಫ್ರೆಡೆರಿಕ್ಸ್‌ಬರ್ಗ್ ದಾಟಿ, ಐ-10 ಸೇರಿ ಪಶ್ಚಿಮಕ್ಕೆ ತಿರುಗಿದರೆ ಮುಗಿಯಿತು, ರಸ್ತೆ ಗೀಟು ಎಳೆದ ಹಾಗೆ. ಅಲ್ಲಿ ವೇಗದ ಮಿತಿಯೇ ಗಂಟೆಗೆ 80 ಮೈಲು, ಸುಮಾರು 130 ಕಿಲೋಮೀಟರ್. ಹಸಿರು ಕಡಿಮೆಯಾಗುತ್ತಾ, ಊರುಗಳು ದೂರವಾಗುತ್ತಾ ಹೋಗುತ್ತವೆ. ಸೊನೋರಾ, ಓಜೋನಾ, ಫೋರ್ಟ್ ಸ್ಟಾಕ್ಟನ್. ಪ್ರತಿ ನಿಲುಗಡೆಯಲ್ಲೂ ಅಮ್ಮ ಇಳಿದಳು. ಬೇಕಾಗಿರಲಿ, ಬೇಡದಿರಲಿ. ಓಜೋನಾದ ಪೆಟ್ರೋಲ್ ಬಂಕಿನಲ್ಲಿ ಅಪ್ಪ ನಿದ್ದೆ ಮಾಡುತ್ತಿದ್ದರೆ, "ರೀ, ಇಳೀರಿ, ಕಾಲು ಆಡಿಸಿ" ಅಂತ ಎಬ್ಬಿಸಿದ್ದೂ ಅವಳೇ.

ಮ್ಯಾರಥಾನ್ ಅನ್ನೋ ಪುಟ್ಟ ಊರಿನಿಂದ ದಕ್ಷಿಣಕ್ಕೆ ತಿರುಗಿದ ಮೇಲೆ ಫೋನಿಗೆ ಸಿಗ್ನಲ್ ಹೋಯಿತು. ಬಿಗ್ ಬೆಂಡ್ ಅಂದರೆ ದೊಡ್ಡ ತಿರುವು. ರಿಯೋ ಗ್ರಾಂಡೆ ನದಿ ಇಲ್ಲಿ ಬಿಲ್ಲಿನಂತೆ ಬಾಗಿ ಹರಿಯುತ್ತದೆ, ಈ ದಡ ಅಮೆರಿಕ, ಆ ದಡ ಮೆಕ್ಸಿಕೋ. 1944ರಲ್ಲಿ ಉದ್ಯಾನವಾದ ಈ ಜಾಗದ ವಿಸ್ತಾರ 3,200 ಚದರ ಕಿಲೋಮೀಟರಿಗಿಂತ ಹೆಚ್ಚು. ಮರುಭೂಮಿಯ ನಡುವೆ ಚೀಸೋಸ್ ಅನ್ನೋ ಬೆಟ್ಟಸಾಲು, ಆ ಬೆಟ್ಟಗಳ ಮಧ್ಯೆ ಬಟ್ಟಲಿನಂಥ ತಗ್ಗು, ಅದೇ ಚೀಸೋಸ್ ಬೇಸಿನ್. ನಮ್ಮ ರೂಮು ಅಲ್ಲಿ. ಅಂದು ಸಂಜೆ ವಿಂಡೋ ವ್ಯೂ ಅನ್ನೋ ಚಿಕ್ಕ ಕಾಲುದಾರಿಯಲ್ಲಿ ಅಮ್ಮನೂ ನಡೆದಳು. ಗಾಲಿಕುರ್ಚಿಯೂ ಹೋಗುವಂಥ ಸಮತಟ್ಟಾದ ದಾರಿ, ಅರ್ಧ ಕಿಲೋಮೀಟರೂ ಇಲ್ಲ. ಎರಡು ಬೆಟ್ಟದ ಸಂದಿನಲ್ಲಿ ಸೂರ್ಯ ಇಳಿಯುವುದನ್ನು ಕಲ್ಲು ಬೆಂಚಿನ ಮೇಲೆ ಕೂತು ನೋಡಿದೆವು. ರಾತ್ರಿಯ ಆಕಾಶದ ಬಗ್ಗೆ ನಾನು ಬರೆಯಲಾರೆ. ಇಲ್ಲಿನ ಕತ್ತಲನ್ನು ಕಾಪಾಡಿದ್ದಕ್ಕೆ 2012ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ಅಪ್ಪ ಸಪ್ತರ್ಷಿ ಮಂಡಲದಿಂದ ಶುರುಮಾಡಿ ಪೂರ್ತಿ ಪಾಠ ಮಾಡಿದರು.

ಮರುದಿನ ಸಾಂಟಾ ಎಲೆನಾ ಕಣಿವೆಗೆ. ಅಲ್ಲಿಗೆ ಚೆನ್ನಾದ ಟಾರು ರಸ್ತೆ ಇದೆ, ಆದರೆ ನನಗೆ ಓಲ್ಡ್ ಮ್ಯಾವೆರಿಕ್ ಅನ್ನೋ 14 ಮೈಲಿಯ ಮಣ್ಣು ರಸ್ತೆಯಲ್ಲೇ ಹೋಗಬೇಕಿತ್ತು. ಟ್ರಕ್ ತಗೊಂಡಿದ್ದು ಯಾಕೆ ಮತ್ತೆ! ಎರಡು ದಿನದ ಹಿಂದೆ ಮಳೆಯಾಗಿತ್ತಂತೆ. ರಸ್ತೆ ಒಣಗಿತ್ತು, ಹಳ್ಳ ದಾಟುವ ಕಡೆ ಮಾತ್ರ ಒಂದೆರಡು ಕೆಸರು ಗುಂಡಿ. ದಾರಿಯ ಎರಡೂ ಬದಿ ನೀಲಿ ಬ್ಲೂಬಾನೆಟ್ ಹೂವು. ಅಮ್ಮ ಇಳಿದು ಕೀಳೋಕೆ ಹೋದಳು, ರಾಷ್ಟ್ರೀಯ ಉದ್ಯಾನದಲ್ಲಿ ಕೀಳಬಾರದು ಅಂತ ಅಪ್ಪ ತಡೆದರು. "ಒಂದೇ ಒಂದು, ದೇವರಿಗೆ" ಅಂದರೂ ಬಿಡಲಿಲ್ಲ.

ದಾರಿಯ ಮಧ್ಯೆ ಲೂನಾಸ್ ಹಕಾಲ್ ಅನ್ನೋ ಹಳೇ ಗುಡಿಸಲಿದೆ. ಬಂಡೆಗೆ ಒರಗಿಕೊಂಡ ಕಲ್ಲಿನ ಗೋಡೆ, ಮುಳ್ಳುಗಿಡದ ಕಡ್ಡಿ ಹಾಸಿ ಮಣ್ಣು ಹೊದಿಸಿದ ಮಾಡು. ಗಿಲ್ಬರ್ಟೊ ಲೂನಾ ಅನ್ನೋ ರೈತ ಈ ಬಿಸಿಲಲ್ಲಿ ಬೇಸಾಯ ಮಾಡಿಕೊಂಡು, ದೊಡ್ಡ ಸಂಸಾರ ಸಾಕಿ, 1947ರಲ್ಲಿ ತೀರಿಕೊಂಡನಂತೆ, 108 ವರ್ಷಕ್ಕೆ. ಬಾಗಿಲು ಎಷ್ಟು ಗಿಡ್ಡ ಅಂದರೆ ನಾವೆಲ್ಲ ಬಗ್ಗಿ ಇಣುಕಬೇಕಾಯಿತು. ಅಮ್ಮ ಮಾತ್ರ ಅಲ್ಲಿ ಬಹಳ ಹೊತ್ತು ನಿಂತಳು. ಒಲೆ ಎಲ್ಲಿಟ್ಟಿದ್ದರು, ನೀರು ಎಲ್ಲಿಂದ ತರ್ತಿದ್ದರು ಅಂತ ವಿಚಾರಿಸಿದಳು. "ನಮ್ಮಜ್ಜಿ ಮನೆ ಬಾಗಿಲೂ ಹೀಗೇ ಇತ್ತು. ಹಣೆ ಬಡ್ಕೊಂಡ್ರೇ ಗೊತ್ತಾಗೋದು ಎತ್ತರ ಆಗಿದ್ದೀವಿ ಅಂತ."

ಕಣಿವೆ ಮುಂದೆ ನಿಂತಾಗ ಮಾತೇ ಬರಲಿಲ್ಲ. ಸುಣ್ಣಕಲ್ಲಿನ ಎರಡು ಗೋಡೆ, ಒಂದೊಂದೂ 1,500 ಅಡಿ ಎತ್ತರ, ನಡುವೆ ಸೀಳಿಕೊಂಡು ಬರುವ ನದಿ. ಜೋಗ 830 ಅಡಿ ಅಂತ ಅಪ್ಪ ನೆನಪಿಸಿದರು. ಎಡಗಡೆ ಗೋಡೆ ಮೆಕ್ಸಿಕೋ, ಬಲಗಡೆಯದು ಅಮೆರಿಕ. ಅಮ್ಮ ಮರಳಿನ ಮೇಲೆ ಕೂತು, ಶೂ ಬಿಚ್ಚಿ, ಹೆಂಡತಿಯ ಕೈ ಹಿಡಿದು ನೀರಿಗೆ ಕಾಲಿಟ್ಟಳು. ನಾಲ್ಕು ಹನಿ ತಲೆಗೆ ಹಾಕಿಕೊಂಡು "ಗಂಗೇ ಚ ಯಮುನೇ" ಅಂದಳು.

ತಿರುಗಿ ಬಂದು ಗಾಡಿ ಹತ್ತಿ ಬಾಗಿಲು ಮುಚ್ಚಿದಾಗ ಕೇಳಿಸಿತು ಆ ಸದ್ದು. ಕರಕರ ಅಂತ ಅರೆದು, ನಿಂತಿತು. ಎಡಗಡೆಯ ಹಲಗೆ ಒಳಗೆ ಹೋಗಿತ್ತು, ಅಮ್ಮನ ಕಡೆಯದು ಅರ್ಧ ದಾರಿಯಲ್ಲಿ ನಿಂತಿತ್ತು. ಮತ್ತೆ ಬಾಗಿಲು ತೆಗೆದು ಮುಚ್ಚಿದೆ. ಮತ್ತೆ ಕರಕರ. ಹಲಗೆ ಇಳಿಬಿಟ್ಟುಕೊಂಡು ಮಣ್ಣು ರಸ್ತೆಯಲ್ಲಿ ಹೋಗುವ ಹಾಗಿಲ್ಲ, ಫೋನಿಲ್ಲ, ಹತ್ತಿರದಲ್ಲಿ ಗ್ಯಾರೇಜ್ ಇಲ್ಲ. ನಾನು ಬೋನೆಟ್ ಎತ್ತಿ ಸುಮ್ಮನೆ ನೋಡುತ್ತಾ ನಿಂತೆ, ಏನೋ ಗೊತ್ತಿರುವವನ ಹಾಗೆ.

ಅಮ್ಮ ಇಳಿದು ಪಕ್ಕಕ್ಕೆ ನಿಂತಿದ್ದಳು. ತುಂಬಾ ಮೆತ್ತಗೆ ಹೇಳಿದಳು, "ನಾನು ಮನೇಲೇ ಇರ್ತೀನಿ ಅಂದಿದ್ದೆ."

ಯಾರೂ ಏನೂ ಹೇಳಲಿಲ್ಲ. ಅಪ್ಪ ಮಾತ್ರ ಆಗಲೇ ಮಂಡಿಯೂರಿ ಫೋನಿನ ಟಾರ್ಚ್ ಹಾಕಿಕೊಂಡು ಕೆಳಗೆ ನೋಡ್ತಿದ್ದರು. "ಇವಳೇ, ಬಾ ಇಲ್ಲಿ. ನೋಡು, ಇದಕ್ಕೂ ಮಂಡಿ ನೋವು!"

ತೋಳು ಮಡಚುವ ಕೀಲಿನಲ್ಲಿ ಕೆಸರು ಮೆತ್ತಿಕೊಂಡು, ಅದರೊಳಗೆ ಒಂದು ಗೋಲಿ ಗಾತ್ರದ ಕಲ್ಲು ಕಚ್ಚಿಕೊಂಡಿತ್ತು. ಕೆಸರು ಸೇರಿಕೊಂಡರೆ ಹಲಗೆಯನ್ನು ಹೊರಗೆ ಇಳಿಸಿಟ್ಟು ಕೀಲನ್ನು ಜೋರು ನೀರಿನಿಂದ ತೊಳೆಯಬೇಕು, ಒಣಗಿದ ಮೇಲೆ ಕೀಲಿಗೆ ಸಿಲಿಕಾನ್ ಸ್ಪ್ರೇ ಹೊಡೆಯಬೇಕು ಅಂತ ಪುಸ್ತಕದ ಕೊನೆಯ ಪುಟದಲ್ಲಿತ್ತು. ಅಪ್ಪನಿಗೆ ನೆನಪಿತ್ತು. ಕಾಲಿಡುವ ಜಾಗಕ್ಕೆ ಮಾತ್ರ ಸ್ಪ್ರೇ ಬೀಳಬಾರದು, ಜಾರುತ್ತೆ. ಬಾಗಿಲು ತೆಗೆದು ಹಲಗೆ ಪೂರ್ತಿ ಹೊರಗೆ ಬಂದ ಮೇಲೆ ನಾನು ಫ್ಯೂಸ್ ಕಿತ್ತಿಟ್ಟೆ, ಕೈ ಒಳಗಿದ್ದಾಗ ಅದು ಕದಲಬಾರದಲ್ಲ. ಮರುಭೂಮಿಗೆ ಹೊರಟವರು ಅಂತ ನಾಲ್ಕು ಕ್ಯಾನ್ ನೀರು ಇಟ್ಟುಕೊಂಡಿದ್ದೆವು. ಒಂದು ಕ್ಯಾನ್ ಪೂರ್ತಿ ಹೆಂಡತಿ ಮೇಲಿನಿಂದ ಸುರಿದಳು. ಅಮ್ಮ ತನ್ನ ಚೀಲದಿಂದ ಹಳೇ ಟೂತ್‌ಬ್ರಷ್ ತೆಗೆದುಕೊಟ್ಟಳು. ಅದು ಯಾಕೆ ಅವಳ ಚೀಲದಲ್ಲಿತ್ತು ಅಂತ ಕೇಳಬೇಡಿ, ದೀಪ ಉಜ್ಜೋದಕ್ಕಂತೆ. ಮೂರು ನಿಮಿಷ ಉಜ್ಜಿದ ಮೇಲೆ ಕಲ್ಲು ಟಣ್ ಅಂತ ಬಿತ್ತು. ಫ್ಯೂಸ್ ಹಾಕಿ ಬಾಗಿಲು ಮುಚ್ಚಿದೆ. ಸ್ವಲ್ಪ ಗೊಣಗಿ, ಒಳಗೆ ಹೋಯಿತು.

ಅಪ್ಪ ಆ ಕಲ್ಲನ್ನು ಮತ್ತೆ ರಸ್ತೆ ಬದಿಗೆ ಹಾಕಿದರು, ಉದ್ಯಾನದ್ದು ಅಂತ. ವಾಪಸ್ ಬರುವಾಗ ನಾನು ತೆಪ್ಪಗೆ ಟಾರು ರಸ್ತೆ ಹಿಡಿದೆ. ರಾಸ್ ಮ್ಯಾಕ್ಸ್‌ವೆಲ್ ಅನ್ನೋ ಆ 30 ಮೈಲಿಯ ದಾರಿಯಲ್ಲಿ ನಿಂತು ನೋಡುವ ಜಾಗಗಳು ಬಹಳ. ಎಲ್ಲಾ ಕಡೆಯೂ ನಿಲ್ಲಿಸಿದೆವು. ಮೊದಲ ಜಾಗದಲ್ಲಿ ಅಮ್ಮ ಇಳಿಯಲು ಸ್ವಲ್ಪ ಯೋಚಿಸಿದಳು, ಹಲಗೆ ಬಂದದ್ದನ್ನು ಬಗ್ಗಿ ನೋಡಿ, ಕಾಲಿಂದ ಒಂದು ಸಲ ಒತ್ತಿ, ಇಳಿದಳು. ಎರಡನೆಯದರಲ್ಲಿ ನೋಡಲಿಲ್ಲ. ಸೋಟಾಲ್ ವಿಸ್ಟಾದಲ್ಲಿ ನಾನು ಗಾಡಿ ಆಫ್ ಮಾಡುವಷ್ಟರಲ್ಲಿ ಅವಳು ಕಟಾಂಜನದ ಹತ್ತಿರ ನಿಂತು ನಮ್ಮನ್ನು ಕರೀತಿದ್ದಳು. ದೂರದಲ್ಲಿ ಬೆಳಿಗ್ಗೆ ನೋಡಿದ ಕಣಿವೆ ಒಂದು ಸಣ್ಣ ಗೀರಿನ ಹಾಗೆ ಕಾಣ್ತಿತ್ತು. ಅವತ್ತು ಒಟ್ಟು ಹದಿನಾರು ಸಲ ಹತ್ತಿ ಇಳಿದಳು ಅಂತ ಅಪ್ಪನ ಡೈರಿಯಲ್ಲಿದೆ.

ಮೇ ತಿಂಗಳಲ್ಲಿ ಇಬ್ಬರೂ ಊರಿಗೆ ಹೊರಟರು. ಬೆಂಗಳೂರಿನಲ್ಲಿ ಮಾವ ತನ್ನ ಜೀಪ್ ತಂದಿದ್ದ. ಹಾಸನ ತಲುಪಿ ಅಮ್ಮ ಫೋನ್ ಮಾಡಿದಳು. ಊಟ, ಮಳೆ, ಪಕ್ಕದ ಮನೆಯ ಮದುವೆ ಎಲ್ಲಾ ಆದ ಮೇಲೆ ದನಿ ತಗ್ಗಿಸಿ ಹೇಳಿದಳು:

"ಏರ್‌ಪೋರ್ಟಲ್ಲಿ ಮಾವನ ಗಾಡಿ ಬಾಗಿಲು ತೆಗೆದು ಒಂದು ಹೆಜ್ಜೆ ಹಿಂದೆ ನಿಂತ್ಕೊಂಡೆ ಕಣೋ. ಏನೂ ಬರಲೇ ಇಲ್ಲ. 'ಯಾಕಕ್ಕಾ, ಯಾರಿಗೆ ಕಾಯ್ತಿದ್ದೀಯಾ' ಅಂತ ಕೇಳ್ದ ಅವ್ನು."